ಊರಿನ ಹೆಸರು ತೆಗೆಯುವ ಬಗ್ಗೆ

ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ.

ಮೂರು ವರ್ಷದ ಹಿಂದೆ ಹಾಸನದಲ್ಲಿ ನಿಮ್ಮ ಸಂಶೋಧನೆಗೆ ರಕ್ತ ಕೊಟ್ಟವಳು ನಾನು. ನನ್ನ ಎಚ್‌ಐವಿ ವೈರಸ್ಸಿನ ವಿವರ ಇಂಟರ್ನೆಟ್ಟಿಗೆ ಹೋಗುತ್ತದೆ, ಹೆಸರು ಮಾತ್ರ ಇರುವುದಿಲ್ಲ ಎಂದಿದ್ದಿರಿ. ಹೆಸರು ಇಲ್ಲ, ನಿಜ. ಊರು ಹಾಕಿದ್ದೀರಿ. ನಮ್ಮದು ಮೂವತ್ತೆಂಟು ಮನೆಯ ಊರು ಮೇಡಂ. ಗುಟ್ಟಾಗಿರಲಿ ಎಂದೇ ನಾನು ಹತ್ತಿರದ ಚನ್ನರಾಯಪಟ್ಟಣ ಬಿಟ್ಟು ಹಾಸನಕ್ಕೆ ಬಂದು ಮಾತ್ರೆ ಒಯ್ಯುವುದು.

ಮಗಳು ಕವನಾ ಬಿಎಸ್ಸಿ ಓದುತ್ತಿದ್ದಾಳೆ. ನನ್ನ ಕಾಯಿಲೆ ಅವಳಿಗೆ ಗೊತ್ತಿಲ್ಲ. ಕಾಲೇಜಿನ ಕೆಲಸಕ್ಕೆಂದು ಇಂಟರ್ನೆಟ್ಟಿನಲ್ಲಿ ನಿಮ್ಮ ಎಚ್‌ಐವಿ ಪಟ್ಟಿ ನೋಡುತ್ತಿದ್ದವಳು ಮೊನ್ನೆ ಕೂಗಿದಳು: "ಅವ್ವಾ, ನಮ್ಮೂರ್ ಎಸ್ರೈತೆ ಕಣವ್ವ ಇಲ್ಲಿ! ಎಂಗ್ಸಂತೆ, ನಲವತ್ತೊಂದು ವರ್ಸವಂತೆ." ಆ ವಯಸ್ಸಿನವರನ್ನು ಬೆರಳು ಮಡಚಿ ಎಣಿಸಿದಳು. ನನ್ನನ್ನು ಎಣಿಸಲಿಲ್ಲ. "ಮಾಯತ್ತೆನೇ ಇರ್ಬೇಕು, ಅದ್ಕೇ ಅಂಗೆ ಸೊರಗೋಗವ್ರೆ" ಅಂದಳು. ಪಕ್ಕದ ಮನೆಯ ಮಾಯಮ್ಮನಿಗೆ ಇರುವುದು ಸಕ್ಕರೆ ಕಾಯಿಲೆ. ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ.

ವೈರಸ್ಸಿನ ವಿವರ ಇರಲಿ, ಯಾರಿಗೆ ಯಾವ ಮಾತ್ರೆ ಹಿಡಿಯುತ್ತದೆ ಎಂದು ತಿಳಿಯಲು ಅದು ಬೇಕು ಎಂದಿದ್ದಿರಲ್ಲ. ಊರು ತೆಗೆದು ಬರೀ ಕರ್ನಾಟಕ ಎಂದು ಹಾಕಿ. ಸೋಮವಾರ ಅವಳು ಅದನ್ನು ತರಗತಿಯಲ್ಲಿ ತೋರಿಸುತ್ತಾಳಂತೆ, ಅಷ್ಟರೊಳಗೆ ಆಗಬೇಕು. ನೀವು ಕೊಟ್ಟ ಚೀಟಿಯ ನಂಬರು ಕೆಳಗಿದೆ.

ಅದು ಮಾಯಮ್ಮ ಅಲ್ಲ ಎಂದು ಮಗಳಿಗೆ ಇವತ್ತೇ ಹೇಳುತ್ತೇನೆ. ಮತ್ತೆ ಯಾರು ಎಂದು ಅವಳು ಕೇಳದೆ ಬಿಡುವವಳಲ್ಲ. ಅದನ್ನೂ ನಾನೇ ಹೇಳುತ್ತೇನೆ.

ಇತಿ,
ನಿಮ್ಮ ಪಟ್ಟಿಯ ೨೧೭ನೇ ನಂಬರಿನವಳು