ತೋಳು ಮತ್ತು ಜರಿ ಅಂಚು

ಪೂಜ್ಯ ಪಾಸ್ಟರ್ ಅಯ್ಯನವರಿಗೆ, ಮುದಿ ದರ್ಜಿಯ ನಮಸ್ಕಾರ.

ಗೌನಿನ ತೋಳು ಗಿಡ್ಡ, ಲೋಕದ ಮೋಹ ಅಂತ ನನ್ನ ಮೊಮ್ಮಗಳನ್ನು ಗಾಯಕರ ಸಾಲಿನಿಂದ ಇಳಿಸಿದಿರಂತೆ. ಹುಡುಗಿ ಊಟ ಬಿಟ್ಟು ಕೂತಿದ್ದಾಳೆ. ಆ ಗೌನು ಅವಳ ಅಜ್ಜಿಯ ಮದುವೆಯದು, ಅಯ್ಯನವರೇ. ಅದೇ ತೋಳಿನಲ್ಲಿ, ಅದೇ ವೇದಿಯ ಮುಂದೆ ನನ್ನಾಕೆ ನನ್ನ ಕೈ ಹಿಡಿದಳು. ಆಗಿನ ಪಾಸ್ಟರ್ ತೋಳು ನೋಡಲಿಲ್ಲ, ನನ್ನ ಮೂತಿ ನೋಡಿ "ಪಾಪ ಹುಡುಗಿ" ಅಂದರು.

ಈಗ ನನ್ನ ಮೇಜಿನ ಮೇಲೆ ನಿಮ್ಮ ಹೊಸ ನಿಲುವಂಗಿ ಇದೆ. "ಜರಿ ಅಂಚು ಅಗಲ ಇರಲಿ, ಹಿಂದಿನ ಬೆಂಚಿಗೂ ಮಿಂಚಬೇಕು" ಅಂದಿದ್ದಿರಿ. ಭಾನುವಾರ ಅವಳು ಆ ಗೌನಿನಲ್ಲೇ ಹಾಡಲಿ. ಇಲ್ಲವಾದರೆ ನಿಮ್ಮ ಜರಿ ಅಂಚಿನಿಂದಲೇ ಅವಳ ತೋಳು ಉದ್ದ ಮಾಡುತ್ತೇನೆ. ಸೂಜಿಗೆ ದಾರ ಪೋಣಿಸಿದ್ದೇನೆ. ಯಾವುದನ್ನು ಹೊಲಿಯಲಿ, ಹೇಳಿ ಕಳಿಸಿ.

ಇಂತಿ,
ನಿಮ್ಮ ಅಳತೆ ಚೆನ್ನಾಗಿ ಬಲ್ಲ ದರ್ಜಿ ತಾತ