ಒಪ್ಪತ್ತಿನ ನೇಮ

ಬಸವಕಲ್ಯಾಣ, 29 ಜುಲೈ 2006, ಶನಿವಾರ. ಅವ್ವ ಗುಡಿಗೆ ಹೋಗಿದ್ದಾಳೆ. ನಿನ್ನ ಮಗಳು ಗೌರಿ ಶಾಲೆಯಿಂದ ಇನ್ನೂ ಬಂದಿಲ್ಲ. ನಾಡಿದ್ದು ಶ್ರಾವಣದ ಮೊದಲ ಸೋಮವಾರ.

ನನ್ನ ಅಕ್ಕಾ,

ನೀನು ಹೋಗಿ ಐದು ವರ್ಷವಾಯಿತು. ಸಕ್ಕರೆ ಕಾಯಿಲೆ ಎಂದು ಎಲ್ಲರೂ ಹೇಳಿದರು, ನಾನೂ ಹಾಗೆಯೇ ಹೇಳಿದೆ. ಅದಕ್ಕೂ ಮೊದಲು ಏನಿತ್ತೆಂಬುದನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

1995ರ ಆ ಮಧ್ಯಾಹ್ನ ನಿನಗೆ ನೆನಪಿದೆಯೇ? ನಾಲ್ಕು ವರ್ಷದ ಗೌರಿಯನ್ನು ಕರೆದುಕೊಂಡು ನೀನು ಹುಮನಾಬಾದಿನ ಗಂಡನ ಮನೆಯಿಂದ ಶ್ರಾವಣಕ್ಕೆಂದು ಬಂದಿದ್ದೆ. ಮಠದ ದಾಸೋಹಕ್ಕೆ ಕಳಿಸಲು ಮಾಡಿಟ್ಟ ಹೋಳಿಗೆಯ ಬುಟ್ಟಿ ಅಡುಗೆಮನೆಯಲ್ಲಿತ್ತು. ನಾನು ನೀರಿಗೆಂದು ಒಳಗೆ ಬಂದಾಗ ನೀನು ಅದರ ಮುಂದೆ ಕುಳಿತಿದ್ದೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಇಬ್ಬರೂ ಹೊಟ್ಟೆ ತುಂಬ ಉಂಡಿದ್ದೆವು. ನೀನು ಅಗಿಯುತ್ತಿರಲಿಲ್ಲ, ನುಂಗುತ್ತಿದ್ದೆ. ಒಂದು ಕೈ ನೋಯುವ ಹೊಟ್ಟೆಯ ಮೇಲೆ, ಇನ್ನೊಂದು ಬುಟ್ಟಿಯಲ್ಲಿ. ರುಚಿಗೆ ತಿನ್ನುವವರ ಮುಖ ಹಾಗಿರುವುದಿಲ್ಲ.

"ಬಾಗಲಾ ಹಾಕ," ಎಂದೆ ನೀನು. "ಸಾಕ್ ಅನಸಾಕತ್ತದ, ಕೈ ಕೇಳವಲ್ದು."

ನಾನು ಅವ್ವನನ್ನು ಕರೆದೆ.

"ಜಂಗಮರು ಉಣ್ಣೂಕಿಂತ ಮೊದಲ ಎಂಜಲ ಮಾಡಿದೆಲ್ಲ!" ಎಂದಳು ಅವ್ವ. ಆಮೇಲೆ ಧ್ವನಿ ಇಳಿಸಿ, "ಈ ಶ್ರಾವಣ ಪೂರ್ತಿ ಒಪ್ಪತ್ತ ಹಿಡಿ. ಹೊಟ್ಟಿ ತಾನಾಗೇ ಹದಕ್ಕ ಬರ್ತದ." ದಿನಕ್ಕೆ ಒಂದೇ ಊಟ. ಅವಳಿಗೆ ಗೊತ್ತಿದ್ದ ಔಷಧ ಅದೊಂದೇ.

ಓಣಿಯವರು ನಿನ್ನ ನೇಮ ಹೊಗಳಿದರು. ನೀನು ನೀರು ಕುಡಿದು ಹೊತ್ತು ಕಳೆದು, ಅವ್ವ ಗುಡಿಗೆ ಹೋದೊಡನೆ ಕಡಕ್ ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. ಮರುದಿನ ನಾಚಿಕೆಗೆ ನೇಮ ಇನ್ನೂ ಬಿಗಿ, ಅದರ ಮರುದಿನ ಗಂಟು ಇನ್ನೂ ಖಾಲಿ. ವರ್ಷ ವರ್ಷವೂ ಹೀಗೆಯೇ. ರೊಟ್ಟಿ ಮುರಿಯುವ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು, ಅಕ್ಕಾ. ನಾನು ಪುಸ್ತಕದ ಪುಟ ತಿರುಗಿಸುತ್ತಿದ್ದೆ.

ಒಮ್ಮೆ ನನ್ನ ಕೈಯಿಂದ ರಷ್ಯನ್ ಕಾದಂಬರಿಯ ಅನುವಾದವೊಂದನ್ನು ಕಸಿದುಕೊಂಡು ನಕ್ಕಿದ್ದೆ: "ನಿನ್ನ ಪುಸ್ತಕದಾಗಿನ ಮಂದಿ ಬರೇ ಚಾ ಕುಡಕೋತ ಅಳ್ತಾರಲ್ಲ ಹುಚ್ಚಿ, ಉಣಕೋತ ಅಳಾವರು ಯಾರೂ ಇಲ್ಲೇನ?" ನಾನೂ ನಕ್ಕೆ. ನೀನು ಕೇಳಿದ್ದು ನಿಜವಾದ ಪ್ರಶ್ನೆಯೆಂದು ಆಗಲೇ ತಿಳಿದಿದ್ದರೆ...

ನೀನು ಹೋದ ಮೇಲೆ ಇಲ್ಲಿಯೇ ಬೆಳೆದ ಗೌರಿಗೆ ಈಗ ಹದಿನೈದು. ಅವಳ ಹಾಸಿಗೆಯ ಕೆಳಗೆ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕವು. "ನಿಮ್ಮವ್ವ ಎಂಥಾ ನೇಮದಾಕಿ ಇದ್ದಳು, ನೀ ನೋಡಿದ್ರ ಹಿಂಗ," ಎಂದ ಅವ್ವ ಸೋಮವಾರದಿಂದ ಅವಳಿಗೂ ಒಪ್ಪತ್ತು ಹಿಡಿಸುತ್ತಾಳಂತೆ. ಹುಡುಗಿ ತಲೆ ತಗ್ಗಿಸಿ ಹೂಂ ಎಂದಳು.

ಮೊನ್ನೆ ನಾನೊಬ್ಬಳೇ ಗುಲಬರ್ಗಾಕ್ಕೆ ಹೋಗಿ ಮನೋವೈದ್ಯರೊಬ್ಬರನ್ನು ಕಂಡೆ.

"ಹಸಿವಿ ಇಲ್ಲದಾಗೂ ತಿಂತಾಳೇನ್ರಿ?"

"ಹೌದ್ರಿ."

"ಲಗೂ ಲಗೂ? ಯಾರೂ ಇಲ್ಲದಾಗ? ತಿಂದ ಮ್ಯಾಲ ಮಾರಿ ತೋರ್ಸಾಕ ನಾಚ್ತಾಳೇನ್ರಿ?"

"ಹೌದ್ರಿ."

"ಎಷ್ಟು ವರ್ಷ ಆತ್ರಿ?"

"ಹನ್ನೊಂದು," ಎಂದೆ. ಅವರು ಚೀಟಿ ನೋಡಿದರು. "ಹುಡುಗಿ ವಯಸ್ಸು ಹದಿನೈದು ಅಂತ ಬರೆಸೀರಿ. ನಾಲ್ಕು ವರ್ಷದ ಕೂಸಿಗೇನ್ರಿ?"

ನಾನು ಹೇಳಿದ ಉತ್ತರಗಳೆಲ್ಲ ನಿನ್ನವು. ನಿನ್ನ ವಿಷಯವನ್ನು ಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದೆ. ಅವರು ನೀರು ಕೊಟ್ಟು, "ಇದು ಆಸೆಬುರುಕತನ ಅಲ್ರಿ, ಕಾಯಿಲೆ. ಉಪವಾಸ ಹಾಕಿದಷ್ಟು ಜೋರಾಗ್ತದ. ಹೊತ್ತಿಗೆ ಸರಿಯಾಗಿ ಉಣಸ್ರಿ, ಬೈಬ್ಯಾಡ್ರಿ, ಕರಕೊಂಡು ಬರ್ರಿ. ಕಮ್ಮಿ ಆಗ್ತದ," ಎಂದರು.

ಕಮ್ಮಿ ಆಗ್ತದ. ಈ ಮಾತು ನಿನ್ನ ಕಿವಿಗೆ ಬೀಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅವ್ವನ ಎದುರಿಗೇ ಗೌರಿಗೆ ನಾಷ್ಟಾ ಬಡಿಸುತ್ತೇನೆ. ಆಮೇಲೆ ಇಬ್ಬರೂ ಗುಲಬರ್ಗಾದ ಬಸ್ಸು ಹತ್ತುತ್ತೇವೆ. ತನ್ನ ತಾಯಿಗೆ ಸಾಧ್ಯವಾದದ್ದು ತನಗಾಗುತ್ತಿಲ್ಲ ಎಂದುಕೊಂಡಿದ್ದಾಳೆ ಹುಡುಗಿ. ದಾರಿಯಲ್ಲಿ ಅವಳಿಗೆ ನಿಜ ಹೇಳುತ್ತೇನೆ: ನಿನಗೂ ಸಾಧ್ಯವಾಗಿರಲಿಲ್ಲವೆಂದು. ನೀನು ಕೋಪ ಮಾಡಿಕೊಂಡರೂ ಸರಿ. ಅವ್ವನಿಗೆ ಇನ್ನೂ ಏನೂ ಹೇಳಿಲ್ಲ.