ಹದಿನೇಳನೇ ವಾಲ್ವಿನ ಕೆಂಪು ಗೆರೆ

ಮಾನ್ಯ ಗುಣಮಟ್ಟ ಖಾತರಿ ಅಧಿಕಾರಿಗಳೇ,

ತಾವು ನೋಡದೆ ಮುದ್ರೆ ಒತ್ತಿದ ಹದಿನೇಳನೇ ನಂಬರಿನ ವಾಲ್ವಿನಲ್ಲಿ ಬಿರುಕಿದೆ. ಬಿರುಕಿದೆ ಎಂದ ನಾಸೀರನ ಕೆಲಸ ಹೋಗಿದೆ. ವಾಲ್ವು ಮಾತ್ರ ಲಾರಿ ಹತ್ತಿ, ಕಟ್ಟುತ್ತಿರುವ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕೆ ಸೇರಲು ಹೋಗಿದೆ.

ತಮಗೆ ನನ್ನ ನೆನಪಿರಲಾರದು. ಖಾನಾಪುರದಿಂದ ದಿನಾ ಮುಂಜಾನೆಯ ರೈಲಿಗೆ ಬೆಳಗಾವಿಗೆ ಬಂದು, ಒಂದು ಎರಕದ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿರುವವನು ನಾನು. ದಸರೆಯ ಹಿಂದಿನ ವಾರ ತಾವು ತಪಾಸಣೆಗೆ ದಯಮಾಡಿಸಿದಾಗ ಇಪ್ಪತ್ತನಾಲ್ಕು ವಾಲ್ವುಗಳ ಪ್ರಮಾಣಪತ್ರಗಳನ್ನು ತಮ್ಮ ಮುಂದಿಟ್ಟಿದ್ದೆ. "ಮೇಲ್ಮೈಯಲ್ಲಿ ಬಿರುಕು: ಇಲ್ಲ" ಎಂದು ಇಪ್ಪತ್ತನಾಲ್ಕು ಸಲ ಬಡಿದದ್ದು ತಾವು ಬರುವುದಕ್ಕೆ ಎರಡು ದಿನ ಮೊದಲು. ಹಾಗೆ ಬಡಿಯುವುದೇ ನಮ್ಮಲ್ಲಿ ರೂಢಿ. ತಾವು ಬಿರುಕು ತೋರಿಸುವ ಬಣ್ಣದ ಪರೀಕ್ಷೆಯ ಡಬ್ಬಿ ತೆರೆದು ಮೊದಲ ಮೂರು ವಾಲ್ವು ನೋಡಿದಿರಿ. ಬಹಳ ಸೆಕೆ ಎಂದಿರಿ. ಉಳಿದ ಇಪ್ಪತ್ತೊಂದನ್ನು ಆಫೀಸಿನ ಫ್ಯಾನಿನ ಕೆಳಗೆ, ಕುಂದಾ ತಿನ್ನುತ್ತ ಪರೀಕ್ಷಿಸಿದಿರಿ. ಗೋಡೆಯಾಚೆಯ ಉಕ್ಕನ್ನು ಕೂತಲ್ಲಿಂದಲೇ ನೋಡಬಲ್ಲ ವಿಧಾನ ಯಾವುದೆಂದು ನಾನು ಓದಿದ ತಪಾಸಣೆಯ ಒಂದು ಕಿರುಹೊತ್ತಗೆಯಲ್ಲೂ ಬರೆದಿಲ್ಲ.

ಖಾನಾಪುರದ ಸಂತೆಯಲ್ಲಿ ನಮ್ಮವ್ವ ಹತ್ತು ಗಡಿಗೆ ಕೊಂಡರೆ ಹತ್ತನ್ನೂ ಬೆರಳಿನಿಂದ ಬಾರಿಸಿ ನೋಡುತ್ತಾಳೆ. "ಒಂದ ಬಾರಿಸಿದ್ರ ಸಾಕಲ್ಲಬೇ, ಎಲ್ಲಾ ಒಂದ ಆವಿಗ್ಯಾಗ ಸುಟ್ಟಾವು" ಎಂದು ಕುಂಬಾರ ರೇಗಿಸಿದರೆ, "ನಿನ್ನ ಮಕ್ಕಳೂ ಒಂದ ಮನ್ಯಾವು. ಎಲ್ಲಾರೂ ಒಂದ ನಮೂನಿ ಅದಾರೇನು?" ಎನ್ನುತ್ತಾಳೆ. ಗಡಿಗೆ ಸೋರಿದರೆ ಹೆಚ್ಚೆಂದರೆ ಒಲೆ ಆರುತ್ತದೆ. ಹದಿನೇಳನೆಯದು ಕೂರಬೇಕಾದದ್ದು ಸ್ಥಾವರದ ಒಡಲು ತಣಿಸುವ ನೀರಿನ ಕೊಳವೆಯಲ್ಲಿ. ಅದು ಸೋರಿದರೆ ಏನು ಆರುತ್ತದೆ, ಏನು ಹೊತ್ತಿಕೊಳ್ಳುತ್ತದೆ? ಓದಿದವರು ತಾವು, ತಾವೇ ಹೇಳಬೇಕು.

ಬಿರುಕು ಸಿಕ್ಕ ಬಗೆ ಹೀಗೆ. ನಮ್ಮ ಕಾರ್ಖಾನೆಯಲ್ಲಿ ಖಂಡೇನವಮಿಗೆ ಸುತ್ತಿಗೆ, ಉಳಿಗಳ ಜೊತೆ ಸಾಗಿಸಲು ಸಿದ್ಧವಾದ ಮಾಲಿಗೂ ಪೂಜೆ. ಹಿಂದಿನ ಸಂಜೆ ಕುಂಕುಮ ಕಲಸಿದ ಎಣ್ಣೆ ಬಳಿದಿಟ್ಟು, ಮುಂಜಾನೆ ಚೆನ್ನಾಗಿ ಒರೆಸಿ, ವಿಭೂತಿಯ ಮೂರು ಪಟ್ಟೆ ಎಳೆಯುತ್ತಾರೆ. ಉಸುಕು ಸಾಣಿಸುವ ಸಂಗವ್ವ ಪಟ್ಟೆ ಎಳೆದು, ಕಾಯಿ ಒಡೆದು ಬರುವಷ್ಟರಲ್ಲಿ ಹದಿನೇಳನೆಯದರ ಕೊರಳಲ್ಲಿ, ಬಿಳಿಯ ಮೇಲೆ, ಕೂದಲೆಳೆಯಂಥ ಕೆಂಪು ಗೆರೆ.

"ನಾಸೀರಭಾಯಿ, ಇಲ್ಲಿ ಬಾ. ದೇವರು ಏನೋ ಬರದಾನ ನೋಡು" ಎಂದಳು.

ಅನಗೋಳದ ನಾಸೀರ ಹದಿನಾಲ್ಕು ವರ್ಷದಿಂದ ಎರಕದ ಅಂಚು ಉಜ್ಜುವವನು. ಅವಳನ್ನು ಕೇಳಿಯೇ ಪಟ್ಟೆ ಒರೆಸಿದ. ಅವಳ ಕೈಯಿಂದಲೇ ಮತ್ತೆ ಹಚ್ಚಿಸಿದ. ಗೆರೆ ಅದೇ ಜಾಗದಲ್ಲಿ ಮತ್ತೆ ಮೂಡಿತು. "ದೇವರು ಬರದಿದ್ದಲ್ಲಬೇ. ಉಕ್ಕು ಬಾಯಿ ಬಿಟ್ಟೈತಿ."

ತಮ್ಮ ಡಬ್ಬಿ ಮಾಡುವುದೂ ಇದನ್ನೇ ಅಲ್ಲವೇ? ಕೆಂಪು ಬಣ್ಣ ಬಿರುಕಿಗೆ ಇಳಿಯುತ್ತದೆ, ಬಿಳಿ ಪುಡಿ ಅದನ್ನು ಹೀರಿ ಹೊರಗೆಳೆಯುತ್ತದೆ. ತಾವು ಅರ್ಧಕ್ಕೆ ಬಿಟ್ಟ ಪರೀಕ್ಷೆಯನ್ನು ಸಂಗವ್ವ ತಿಳಿಯದೆ ಪೂರ್ತಿ ಮಾಡಿದ್ದಳು, ಸೆಕೆಯಲ್ಲಿ ನಿಂತು.

ಸೂಪರ್‌ವೈಜರ್ ಬಾಳಾಸಾಹೇಬರು ಬಂದು ನೋಡಿದರು. "ಕುಂಕುಮ ಐತಿ. ಪೂಜಾ ಮಾಡಿದಮ್ಯಾಗ ಕುಂಕುಮ ಇರೂದಿಲ್ಲೇನು?"

"ಬಾಕಿ ಇಪ್ಪತ್ಮೂರಕ್ಕ ಯಾಕ ಇಲ್ರೀ?" ಎಂದ ನಾಸೀರ.

"ಇನ್ಸ್‌ಪೆಕ್ಟರ್ ಸಾಹೇಬರ ಮುದ್ರಿ ಬಿದ್ದೈತಿ. ಅವರಕಿಂತ ನಿನ್ನ ಕಣ್ಣು ದೊಡ್ಡವೇನು?"

"ಸಣ್ಣವ ಅದಾವ್ರೀ. ಬಿರುಕೂ ಸಣ್ಣದ ಐತಿ. ಅದಕ್ಕ ಕಂಡೈತಿ."

ಗೆರೆ ಕಾಣದಂತೆ ಉಜ್ಜಿಬಿಡು ಎಂದರು. ನಾಸೀರ ಉಜ್ಜಲಿಲ್ಲ. ಬೇರೊಬ್ಬರು ಉಜ್ಜಿದರು. ಮೂರನೇ ದಿನ ಅವನನ್ನು ಕೆಲಸದಿಂದ ತೆಗೆದರು. ಕಾರಣ: "ಪೂಜೆಯ ವಿಭೂತಿಯನ್ನು ಅಳಿಸಿ ಕಾರ್ಮಿಕರ ಭಾವನೆಗಳಿಗೆ ಧಕ್ಕೆ ತಂದಿರುವುದು." ಆ ನೋಟೀಸನ್ನೂ ನಾನೇ ಟೈಪ್ ಮಾಡಿದೆ. ಸಂಗವ್ವ ಆಫೀಸಿನ ಬಾಗಿಲಲ್ಲಿ ನಿಂತು, "ಹಚ್ಚಿದಾಕಿ ನಾನು, ಒರಸು ಅಂದಾಕಿ ನಾನು. ನನ್ನ ಭಾವನಾಕ್ಕ ಏನೂ ಆಗಿಲ್ಲ. ಯಾರರ ಬರಕೋರಿ" ಎಂದಳು. ಯಾರೂ ಬರೆದುಕೊಳ್ಳಲಿಲ್ಲ. ತಡವಾಗಿ ನಾನು ಬರೆದುಕೊಳ್ಳುತ್ತಿದ್ದೇನೆ.

ಈ ಎಲ್ಲವನ್ನೂ ತಮಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿದ್ದೆ. ತಮ್ಮ ಉತ್ತರ ಒಂದೇ ಸಾಲು: "ಪ್ರಮಾಣಪತ್ರದ ಪ್ರಕಾರ ಸದರಿ ವಾಲ್ವಿನಲ್ಲಿ ಬಿರುಕು ಇಲ್ಲ." ಆ ಪ್ರಮಾಣಪತ್ರವನ್ನು ನಾನು ಬಲ್ಲೆ. ನನ್ನ ಸುಳ್ಳನ್ನೇ ತಾವು ನನಗೆ ಸಾಕ್ಷಿಯಾಗಿ ಕಳಿಸಿದ್ದೀರಿ. ಅದಕ್ಕೇ ಈ ಸಲ ಅಂಚೆ ಬಿಟ್ಟು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಹದಿನೇಳನೆಯದನ್ನು ಕೊಳವೆಗೆ ಕೂಡಿಸುವ ಮೊದಲು ಹೊರಗೆ ತರಿಸಿ, ನಾಸೀರನ ಎದುರು ತಮ್ಮ ಕೈಯಾರೆ ಪರೀಕ್ಷಿಸಿ. ಉಜ್ಜಿದ್ದು ಮೇಲ್ಮೈಯನ್ನು, ಬಿರುಕು ಒಳಕ್ಕೂ ಇಳಿದಿದೆ. ಡಬ್ಬಿಯ ಬಣ್ಣ ಒಣಗಿದ್ದರೆ ಎಣ್ಣೆ, ಕುಂಕುಮ, ವಿಭೂತಿ ಸಂಗವ್ವ ತರುತ್ತಾಳೆ. ಗೆರೆ ಮೂಡದಿದ್ದರೆ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ಮೂಡಿದರೆ, "ನಾಸೀರ ಹೇಳಿದ್ದು ನಿಜ, ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ" ಎಂದು ಕಾರ್ಖಾನೆಗೆ ಒಂದು ಸಾಲು ಬರೆಯಿರಿ. ಸ್ವಂತ ಕೈಯಲ್ಲಿ ಬರೆಯಬೇಕಾದೀತು. ಈ ಪತ್ರ ಅಚ್ಚಾದ ಮೇಲೆ ಟೈಪ್ ಮಾಡಿಕೊಡಲು ಅಲ್ಲಿ ನಾನಿರುವುದಿಲ್ಲ.

ಇಂತಿ,
ಇಪ್ಪತ್ತನಾಲ್ಕು ಸಲ 'ಇಲ್ಲ' ಎಂದು ಬಡಿದು, ಒಂದು ಸಲ 'ಇದೆ' ಎಂದು ಬರೆದ
ಅಮರ, ಖಾನಾಪುರ